ಟ್ರೇಲ್ ಕ್ಯಾಮೆರಾದ ಬ್ಯಾಟರಿ ಚಳಿಗಾಲದಲ್ಲಿ ವಾರವೂ ಬಾಳುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ವಾಸಾ ಊರಿನ ಹತ್ತಿರ ಇದ್ದೇನೆ. ಸಹೋದ್ಯೋಗಿಯೊಬ್ಬರ ಮನೆತನದ 40 ಎಕರೆ ಕಾಡಿನಲ್ಲಿ ಜಿಂಕೆ ಬೇಟೆಗೆ ಹೋಗಲು ಶುರು ಮಾಡಿದ್ದೇನೆ, ಲೈಸೆನ್ಸ್ ಇದೆ. ಜಿಂಕೆಗಳ ಓಡಾಟ ತಿಳಿಯಲು ಪ್ರಾಣಿ ಎದುರಿಗೆ ಬಂದಾಗ ತಾನೇ ಫೋಟೋ ತೆಗೆಯುವ ಮೂರು ಟ್ರೇಲ್ ಕ್ಯಾಮೆರಾ ಮರಕ್ಕೆ ಕಟ್ಟಿದ್ದೇವೆ. ಎರಡು ಎಸ್‌ಡಿ ಕಾರ್ಡಿನವು, ಒಂದು ಫೋನಿಗೆ ಫೋಟೋ ಕಳಿಸುವ ಸೆಲ್ಯುಲಾರ್. ಮೂರಕ್ಕೂ ಎಂಟೆಂಟು ಎಎ ಸೆಲ್. ಸೆಪ್ಟೆಂಬರಿನಲ್ಲಿ ಆಲ್ಕಲೈನ್ ಸೆಲ್ ಮೂರು ವಾರ ಬಂತು. ನವೆಂಬರಿನಲ್ಲಿ ಒಂದು ವಾರವೂ ಇಲ್ಲ. ಮೀಟರ್ 60 ಶೇಕಡ ತೋರಿಸುತ್ತಿರುವಾಗಲೇ ಕ್ಯಾಮೆರಾ ಆಫ್. ಅದೇ ಸೆಲ್ ಮನೆಗೆ ತಂದು ಟಿವಿ ರಿಮೋಟಿಗೆ ಹಾಕಿದರೆ ಚೆನ್ನಾಗಿ ಕೆಲಸ ಮಾಡುತ್ತೆ! ರೀಚಾರ್ಜ್ ಮಾಡುವ ಸೆಲ್ ಹಾಕಿದರೆ ಮೊದಲ ದಿನವೇ 'ಲೋ ಬ್ಯಾಟರಿ'. ಒಂದು ಕ್ಯಾಮೆರಾ 30 ಸೆಕೆಂಡಿನ ವಿಡಿಯೋಗೆ ಇಟ್ಟಿದ್ದೇವೆ, ಹೊಲದ ಅಂಚಿನ ಇನ್ನೊಂದು ಒಂದು ಸಲಕ್ಕೆ ಮೂರು ಫೋಟೋ ತೆಗೆಯುತ್ತೆ. ಕಾರ್ಡಿನ ತುಂಬ ಫೋಟೋ, ಆದರೆ ಬಹುಪಾಲು ಬರೀ ಹುಲ್ಲು. ಸೋಲಾರ್ ಪ್ಯಾನೆಲ್ ತಗೊಳ್ಳಲಾ? ಒಂದು ಕ್ಯಾಮೆರಾವನ್ನು ಊರಿಗೆ, ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಒಯ್ಯಬೇಕೆಂದೂ ಇದೆ. ಅಲ್ಲಿ ನಡೆಯುತ್ತಾ?

ಉತ್ತರ: ಸೋಲಾರ್ ಪ್ಯಾನೆಲ್ ಈಗಲೇ ಕೊಳ್ಳಬೇಡಿ. ಮೊದಲು ಆ ಹುಲ್ಲಿನ ಫೋಟೋಗಳ ಕಡೆ ನೋಡಿ. ನಿಮ್ಮ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿರುವುದು ಅಲ್ಲಿಗೇ. ಉಳಿದದ್ದನ್ನು ರಾತ್ರಿ ವಿಡಿಯೋ ತಿಂದಿದೆ, ಮತ್ತೆ ಚಳಿ. ಕ್ಯಾಮೆರಾ ಎಲ್ಲಿ ನಿಂತಿದೆ, ಅದರಿಂದ ಏನು ಕೆಲಸ ಮಾಡಿಸುತ್ತಿದ್ದೀರಿ, ಈ ಎರಡನ್ನು ಸರಿಮಾಡದೆ ಎಷ್ಟು ದುಬಾರಿ ಸೆಲ್ ಹಾಕಿದರೂ ದುಡ್ಡು ದಂಡ.

ಕರೆಂಟು ಎಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಾದರೆ ಮುಂದಿನದೆಲ್ಲ ಸುಲಭ. ಟ್ರೇಲ್ ಕ್ಯಾಮೆರಾ ದಿನದ ಬಹುಪಾಲು ಹೊತ್ತು ಮಲಗಿರುತ್ತೆ. ಎಚ್ಚರವಾಗಿರುವುದು ಅದರ ಪಿಐಆರ್ ಸೆನ್ಸರ್ ಒಂದೇ. ಎದುರಿನ ಜಾಗದಲ್ಲಿ ಶಾಖ ಹಠಾತ್ತಾಗಿ ಬದಲಾದರೆ ಅದು ಕ್ಯಾಮೆರಾವನ್ನು ಎಬ್ಬಿಸುತ್ತೆ. ಮಲಗಿರುವಾಗ ಖರ್ಚು ತೀರ ಕಡಿಮೆ. ಎದ್ದಾಗ ಮಾತ್ರ ಲೆನ್ಸಿನ ಹಿಂದಿನ ಚಿಪ್, ಪ್ರೊಸೆಸರ್, ಕಾರ್ಡಿಗೆ ಬರೆಯುವ ಕೆಲಸ ಎಲ್ಲ ಒಟ್ಟಿಗೆ ನಡೆಯಬೇಕು. ರಾತ್ರಿಯಾದರೆ ಇದರ ಮೇಲೆ ಇನ್‌ಫ್ರಾರೆಡ್ ಎಲ್‌ಇಡಿಗಳ ಒಂದು ಸಾಲೇ ಹೊತ್ತಿಕೊಳ್ಳುತ್ತೆ. ಇಡೀ ಕ್ಯಾಮೆರಾದಲ್ಲಿ ಅತಿ ಹೆಚ್ಚು ಕರೆಂಟು ಎಳೆಯುವುದು ಅದೇ.

ಒಂದು ಅಂದಾಜು ಲೆಕ್ಕ ಹಾಕೋಣ. ಮಾಡೆಲ್‌ನಿಂದ ಮಾಡೆಲ್‌ಗೆ ಅಂಕಿ ಬದಲಾಗುತ್ತೆ, ಆದರೆ ಒಂದಕ್ಕೊಂದರ ಅನುಪಾತ ಹೆಚ್ಚುಕಡಿಮೆ ಹೀಗೇ ಇರುತ್ತೆ. ಮಲಗಿರುವಾಗ 0.2 ಮಿಲಿಆಂಪಿಯರ್ ಅಂದುಕೊಳ್ಳಿ, ದಿನಕ್ಕೆ ಸುಮಾರು 5 ಎಂಎಎಚ್ (ಮಿಲಿಆಂಪಿಯರ್-ಅವರ್, ಅಂದರೆ ಎಳೆದ ಕರೆಂಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಆಯಿತು. ಹಗಲಿನ ಒಂದು ಫೋಟೋಗೆ ಎರಡು ಸೆಕೆಂಡು 0.3 ಆಂಪಿಯರ್ ಹಿಡಿದರೆ 0.17 ಎಂಎಎಚ್. ರಾತ್ರಿಯ ಫೋಟೋಗೆ ಎರಡು ಸೆಕೆಂಡು 1 ಆಂಪಿಯರ್ ಹಿಡಿದರೆ 0.55. ಅಂದರೆ ಹಗಲಿನ ಮೂರು ಪಟ್ಟು. ರಾತ್ರಿಯ 30 ಸೆಕೆಂಡಿನ ಒಂದು ವಿಡಿಯೋಗೆ, 0.8 ಆಂಪಿಯರ್ ಲೆಕ್ಕದಲ್ಲಿ, 6.7 ಎಂಎಎಚ್. ಒಂದೇ ವಿಡಿಯೋ ಹನ್ನೆರಡು ರಾತ್ರಿ ಫೋಟೋಗಳಿಗೆ ಸಮ!

ಎಂಟು ಸೆಲ್ ಒಂದರ ಹಿಂದೊಂದು ಸರಣಿಯಲ್ಲಿದ್ದರೆ ಒಟ್ಟು ವೋಲ್ಟೇಜ್ 12 ಆಗುತ್ತೆ, ಎಂಎಎಚ್ ಮಾತ್ರ ಒಂದು ಸೆಲ್‌ನಷ್ಟೇ. ಒಳ್ಳೆಯ ಲಿಥಿಯಂ ಎಎ ಸೆಲ್‌ನಲ್ಲಿ ಸುಮಾರು 3,000 ಇರುತ್ತೆ. ದಿನಕ್ಕೆ 20 ಹಗಲಿನ ಫೋಟೋ, 10 ರಾತ್ರಿಯ ಫೋಟೋ ತೆಗೆಯುವ ಕ್ಯಾಮೆರಾ ಈ ಲೆಕ್ಕದಲ್ಲಿ 14 ಎಂಎಎಚ್ ಖರ್ಚು ಮಾಡಿ ಏಳು ತಿಂಗಳು ಓಡುತ್ತೆ. ರಾತ್ರಿಗೆ ಹತ್ತು ವಿಡಿಯೋ ತೆಗೆಯುವುದು ಆರು ವಾರ ದಾಟಲ್ಲ. ಗಾಳಿಗೆ ಅಲ್ಲಾಡುವ ಹುಲ್ಲು ನೋಡಿ ಹಗಲಿಗೆ 300, ರಾತ್ರಿಗೆ 60 ಫೋಟೋ ತೆಗೆಯುವ ಕ್ಯಾಮೆರಾ? ಲಿಥಿಯಂ ಹಾಕಿದರೂ ಒಂದು ತಿಂಗಳ ಮೇಲೆ ಸ್ವಲ್ಪ. ಅದೇ ಜಾಗದಲ್ಲಿ ಆಲ್ಕಲೈನ್ ಮೂರು ವಾರ ಬಂದದ್ದೇ ಹೆಚ್ಚು.

ಹಾಗಾಗಿ ಮೊದಲ ಕೆಲಸ ಜಾಗ ಸರಿಮಾಡುವುದು. ಹುಲ್ಲು ತಣ್ಣಗಿದ್ದರೆ ಸೆನ್ಸರ್‌ಗೆ ಅದು ಕಾಣುವುದೇ ಇಲ್ಲ. ಬಿಸಿಲಿಗೆ ಕಾದ ಹುಲ್ಲಿನ ತೆನೆ ತಣ್ಣನೆಯ ನೆರಳಿನ ಮುಂದೆ ಅಲ್ಲಾಡಿದಾಗ ಮಾತ್ರ ಪ್ರಾಣಿ ಹೋದ ಹಾಗೆ ಕಾಣುತ್ತೆ. ಕ್ಯಾಮೆರಾ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದರೆ ಬೆಳಗ್ಗೆ, ಸಂಜೆ ಸೂರ್ಯ ನೇರ ಎದುರಿಗೆ ಬರುತ್ತಾನೆ. ಆಗ ಸುಳ್ಳು ಫೋಟೋಗಳೂ ಜಾಸ್ತಿ, ನಿಜವಾದ ಫೋಟೋಗಳೂ ಬೆಳಕಿಗೆ ಮಸುಕು. ಉತ್ತರಕ್ಕೆ ಮುಖ ಮಾಡಿ ಕಟ್ಟಿ. ಸೊಂಟದೆತ್ತರಕ್ಕೆ ಇರಲಿ. ಕಟ್ಟುವ ಮರ ತೊಡೆಗಾತ್ರ ಇರಬೇಕು. ಸಣ್ಣ ಸಸಿಗೆ ಕಟ್ಟಿದರೆ ಗಾಳಿಗೆ ಕ್ಯಾಮೆರಾನೇ ತೂಗುತ್ತೆ, ಆಗ ಎದುರಿನ ಕಾಡೆಲ್ಲ ಅದಕ್ಕೆ ಚಲಿಸಿದ ಹಾಗೆ.

ಕಟ್ಟಿದ ಮೇಲೆ ಕ್ಯಾಮೆರಾ ಮುಂದೆ ಮಂಡಿಯೂರಿ ಕೂತು ಅದು ನೋಡುವ ಕಡೆಗೇ ನೋಡಿ. ಮೊದಲ ಹತ್ತು ಅಡಿಯೊಳಗೆ ಇರುವ ಪ್ರತಿ ತೆನೆ, ಜರಿಗಿಡ, ಇಳಿಬಿದ್ದ ಕೊಂಬೆ ನಿಮ್ಮ ಶತ್ರು. ಕೈಗತ್ತರಿಯಿಂದ ಬುಡಕ್ಕೆ ಕತ್ತರಿಸಿ. ಲೆನ್ಸಿನಿಂದ ಶುರುವಾಗಿ ಮುಂದೆ ಹೋದಂತೆ ಅಗಲವಾಗುವ ಬೀಸಣಿಗೆ ಆಕಾರದಲ್ಲಿ ಜಾಗ ಬಿಡಿಸಿದರೆ ಸಾಕು, ಇಡೀ ಕಾಡು ಬೋಳಿಸಬೇಕಾಗಿಲ್ಲ. ಜಮೀನು ಸ್ನೇಹಿತರದ್ದು, ಒಂದು ಮಾತು ಕೇಳಿಯೇ ಕತ್ತರಿಸಿ. ಸೆಪ್ಟೆಂಬರಿನಲ್ಲಿ ಕತ್ತರಿಸಿದ್ದು ಸಾಕಾಗಲ್ಲ. ಅಕ್ಟೋಬರಿನಲ್ಲಿ ಎಲೆ ಉದುರುವಾಗ ಹೊಸ ಕೊಂಬೆ ಬಾಗಿ ಬಂದಿರುತ್ತೆ, ಇನ್ನೊಮ್ಮೆ ನೋಡಿ.

ಹೊಲದ ಅಂಚಿನ ಕ್ಯಾಮೆರಾ ಬಗ್ಗೆ ನನಗೆ ಬೇರೆಯೇ ತಕರಾರು ಇದೆ. ಬಿಳಿಬಾಲದ ಜಿಂಕೆ ಸಂಜೆ ಹೊಲಕ್ಕೆ ಬಂದು ಗಂಟೆಗಟ್ಟಲೆ ಮೇಯುತ್ತೆ. ಅದು ಮುಖ ಎತ್ತಿದಾಗೊಂದು, ಇಳಿಸಿದಾಗೊಂದು ಫೋಟೋ. ಆರು ಹೆಣ್ಣುಜಿಂಕೆ ಒಟ್ಟಿಗೆ ಬಂದರೆ ರಾತ್ರಿಯಿಡೀ ಫ್ಲ್ಯಾಶ್. ಆ ನೂರು ಫೋಟೋದಿಂದ ನಿಮಗೆ ಸಿಗುವ ವಿಷಯ ಒಂದೇ: ಇಲ್ಲಿ ಜಿಂಕೆ ಮೇಯುತ್ತೆ. ಅದು ನೆಲದ ಹೆಜ್ಜೆ ನೋಡಿದರೇ ಗೊತ್ತಾಗಿಬಿಡುತ್ತೆ ಅಲ್ವಾ? ಕ್ಯಾಮೆರಾವನ್ನು ಕಾಡಿನೊಳಗೆ ಐವತ್ತು ಅರವತ್ತು ಹೆಜ್ಜೆ ಹಿಂದಕ್ಕೆ ತಗೊಳ್ಳಿ, ಅವು ಹೊಲಕ್ಕೆ ಬರುವ ಜಾಡಿನ ಮೇಲೆ ಇಡಿ. ಅಲ್ಲಿ ಯಾವ ಜಿಂಕೆಯೂ ನಿಲ್ಲಲ್ಲ, ಹಾದು ಹೋಗುತ್ತೆ. ಒಂದು ಜಿಂಕೆಗೆ ಒಂದು ಫೋಟೋ. ಎಷ್ಟು ಹೊತ್ತಿಗೆ ಬಂತು, ಯಾವ ಕಡೆಯಿಂದ ಬಂತು, ಗಂಡೋ ಹೆಣ್ಣೋ, ಬೇಟೆಗಾರನಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಜಾಡಿಗೆ ಅಡ್ಡಲಾಗಿ ನೋಡುವಂತೆ ಕಟ್ಟಿದರೆ ಓಡುವ ಜಿಂಕೆಯ ಬಾಲ ಮಾತ್ರ ಸಿಗುತ್ತೆ. ಓರೆಯಾಗಿ, ಸುಮಾರು 45 ಡಿಗ್ರಿಗೆ ಕಟ್ಟಿ.

ಇದು ಹಳೆಯ ಪಾಠವೇ. ನಿಮ್ಮ ಪಕ್ಕದ ಮಿಷಿಗನ್‌ನ ಅಪ್ಪರ್ ಪೆನಿನ್ಸುಲಾದಲ್ಲಿ ಜಾರ್ಜ್ ಶೈರಸ್ ಅನ್ನುವವರು ಜಿಂಕೆಯ ಜಾಡಿಗೆ ಅಡ್ಡ ತಂತಿ ಕಟ್ಟಿ, ಕಾಲು ತಾಗಿದಾಗ ಫ್ಲ್ಯಾಶ್ ಪುಡಿ ಹೊತ್ತಿಕೊಳ್ಳುವಂತೆ ಮಾಡಿ ರಾತ್ರಿ ಫೋಟೋ ತೆಗೆದರು. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ತನ್ನ 1906ರ ಜುಲೈ ಸಂಚಿಕೆಯಲ್ಲಿ ಅವರ 74 ಫೋಟೋ ಹಾಕಿತು. ತಂತಿ ಒಂದು ಸಲ ಎಳೆದರೆ ಒಂದೇ ಫೋಟೋ, ಆಮೇಲೆ ಮತ್ತೆ ಹೋಗಿ ಎಲ್ಲ ಸಿದ್ಧ ಮಾಡಬೇಕು. ಅಂಥವರು ಜಾಗವನ್ನು ಎಷ್ಟು ಯೋಚಿಸಿ ಆರಿಸಿರಬೇಕು ನೋಡಿ. ನಮಗೂ ಅದೇ ಶಿಸ್ತು ಇದ್ದರೆ ಒಂದು ಸೆಟ್ ಸೆಲ್‌ನಲ್ಲಿ ಇಡೀ ಸೀಸನ್ ಕಳೆಯಬಹುದು.

ಈಗ ಸೆಟ್ಟಿಂಗ್. ವಿಡಿಯೋ ನಿಲ್ಲಿಸಿ, ಫೋಟೋಗೆ ಹಾಕಿ. ವಿಡಿಯೋ ಬೇಕೇ ಬೇಕು ಅಂದರೆ ಹಗಲಿಗೆ ಮಾತ್ರ ಇಟ್ಟುಕೊಳ್ಳಿ, ರಾತ್ರಿಯೂ ಬೇಕೆಂದರೆ 10 ಸೆಕೆಂಡು ಮೀರಬಾರದು. ಮೂರು ಫೋಟೋದ ಬದಲು ಒಂದು. ಗಂಡಿನ ಹಿಂದೆ ಇನ್ನೊಂದು ಬರುವ ಬೆದೆಗಾಲದಲ್ಲಿ, ಅಂದರೆ ನವೆಂಬರಿನ ಮೊದಲ ಎರಡು ವಾರ, ಬೇಕಾದರೆ ಎರಡು ಇರಲಿ. ಒಂದು ಫೋಟೋಗೂ ಮುಂದಿನದಕ್ಕೂ ನಡುವಿನ ಅಂತರ ಜಾಡಿನ ಮೇಲೆ 10 ರಿಂದ 15 ಸೆಕೆಂಡು ಇಡಿ. ಗಂಡುಜಿಂಕೆ ನೆಲ ಕೆರೆದು ಗುರುತು ಬಿಟ್ಟಿರುವ ಜಾಗದಲ್ಲಿ ಒಂದು ನಿಮಿಷ ಸಾಕು. ಮೇಯುವ ಜಾಗವೇ ಬೇಕೆಂದರೆ ಐದು ನಿಮಿಷಕ್ಕಿಂತ ಕಡಿಮೆ ಇಡಬೇಡಿ.

ಮೆನುವಿನಲ್ಲಿ ಫ್ಲ್ಯಾಶ್ ದೂರವನ್ನು ಕಡಿಮೆ ಮಾಡುವ ಆಯ್ಕೆ ಇದ್ದರೆ ಹುಡುಕಿ. ಜಾಡು ಕ್ಯಾಮೆರಾದಿಂದ 20 ಅಡಿ ದೂರದಲ್ಲಿದ್ದಾಗ 80 ಅಡಿಯವರೆಗೆ ಬೆಳಕು ಎರಚುವುದು ಯಾಕೆ? ಕ್ಯಾಮೆರಾದ ಎಲ್‌ಇಡಿ ಯಾವ ಜಾತಿಯದು ಅನ್ನುವುದೂ ಲೆಕ್ಕಕ್ಕೆ ಬರುತ್ತೆ. 850 ನ್ಯಾನೋಮೀಟರಿನದು ಹತ್ತಿದಾಗ ಮಂಕಾದ ಕೆಂಪು ಕಾಣುತ್ತೆ. 940ರದ್ದು ಕಣ್ಣಿಗೆ ಕಾಣಲ್ಲ, ಆದರೆ ಕ್ಯಾಮೆರಾದ ಚಿಪ್‌ಗೂ ಅದು ಮಸುಕೇ. ಅಷ್ಟೇ ಬೆಳಕಿನ ಫೋಟೋ ಬರಬೇಕೆಂದರೆ ಜಾಸ್ತಿ ಕರೆಂಟು ಬೇಕು. ಖಾಸಗಿ ಜಮೀನಿನಲ್ಲಿ, ಕಳ್ಳರ ಭಯ ಇಲ್ಲದ ಕಡೆ, 850 ಸಾಕು ಅನ್ನುವುದು ನನ್ನ ಅಭಿಪ್ರಾಯ.

ಡಬ್ಬದ ಮೇಲಿನ ದೊಡ್ಡ ಮೆಗಾಪಿಕ್ಸೆಲ್ ಅಂಕಿಗೆ ಮರುಳಾಗಬೇಡಿ. ಹೆಚ್ಚಿನವುಗಳಲ್ಲಿ ಚಿಪ್‌ನ ನಿಜವಾದ ಪಿಕ್ಸೆಲ್ ಅದಕ್ಕಿಂತ ಎಷ್ಟೋ ಕಡಿಮೆ, ಉಳಿದದ್ದು ಸಾಫ್ಟ್‌ವೇರ್ ಹಿಗ್ಗಿಸಿದ್ದು. ಫೈಲ್ ದೊಡ್ಡದಾದಷ್ಟೂ ಕಾರ್ಡಿಗೆ ಬರೆಯುವ ಹೊತ್ತು ಹೆಚ್ಚು, ಅಷ್ಟು ಹೊತ್ತು ಕ್ಯಾಮೆರಾ ಎಚ್ಚರ. ಎಲ್ಲಕ್ಕಿಂತ ಕೆಳಗಿನ ಆಯ್ಕೆ ಇಟ್ಟು ಒಮ್ಮೆ ನೋಡಿ, ಕೊಂಬಿನ ಕವಲು ಎಣಿಸುವುದಕ್ಕೆ ಅದು ಧಾರಾಳ. ಕಾರ್ಡ್ ಒಳ್ಳೆ ಕಂಪನಿಯದಿರಲಿ, ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ. ಇನ್ನು ಸೆನ್ಸರ್‌ನ ಚುರುಕು: ಚಳಿಗಾಲದಲ್ಲಿ ಹಿನ್ನೆಲೆ ತಣ್ಣಗಿರುವುದರಿಂದ ಪ್ರಾಣಿಯ ಮೈಶಾಖ ಎದ್ದು ಕಾಣುತ್ತೆ. ಬೇಸಗೆಯಲ್ಲಿ 'ಹೈ' ಇಟ್ಟಿದ್ದನ್ನು ನವೆಂಬರಿನಲ್ಲಿ ಒಂದು ಹಂತ ಇಳಿಸಿ.

ಇಷ್ಟು ಮಾಡಿದರೆ ಸೆಪ್ಟೆಂಬರಿನ ತೊಂದರೆ ಮುಗಿಯಿತು. ನವೆಂಬರಿನದು ಬೇರೆ. ಅದಕ್ಕೆ ಕಾರಣ ಸೆಲ್‌ನ ಒಳಗಿದೆ.

ಆಲ್ಕಲೈನ್ ಸೆಲ್‌ನಲ್ಲಿ ಇರುವುದು ಸತು, ಮ್ಯಾಂಗನೀಸ್ ಡೈಆಕ್ಸೈಡ್, ಮತ್ತೆ ನೀರಿನಲ್ಲಿ ಕರಗಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಚಳಿ ಏರಿದಂತೆ ಆ ದ್ರಾವಣದಲ್ಲಿ ಅಯಾನುಗಳ ಓಡಾಟ ನಿಧಾನವಾಗುತ್ತೆ, ಸೆಲ್‌ನ ಒಳ ರೋಧ, ಅಂದರೆ ಕರೆಂಟಿಗೆ ಒಳಗೇ ಇರುವ ತಡೆ, ಏರುತ್ತೆ. ಚಳಿಗೆ ಬಾಟಲಿಯಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆ ಇರುತ್ತಲ್ಲ, ಹಾಗೇ ಇದೂ. ಎಣ್ಣೆ ಇದೆ, ಸುರಿಯಲ್ಲ. ರಿಮೋಟಿಗೆ ಕೆಲವೇ ಮಿಲಿಆಂಪಿಯರ್ ಸಾಕು, ಅದೂ ಬೆಚ್ಚಗಿನ ಮನೆಯಲ್ಲಿ. ಆದ್ದರಿಂದ ಅಲ್ಲಿ ಕೆಲಸ ಮಾಡುತ್ತೆ. ಮೈನಸ್ ಹತ್ತರಲ್ಲಿ ಫ್ಲ್ಯಾಶ್ ಹೊತ್ತಿಕೊಂಡು ಕ್ಯಾಮೆರಾ ಒಂದು ಆಂಪಿಯರ್ ಎಳೆದಾಗ ವೋಲ್ಟೇಜ್ ಧಡಕ್ಕನೆ ಕುಸಿಯುತ್ತೆ. ಕ್ಯಾಮೆರಾ ಅದನ್ನು 'ಬ್ಯಾಟರಿ ಖಾಲಿ' ಎಂದು ತಿಳಿದು ಆಫ್ ಆಗುತ್ತೆ. ನಿಮ್ಮ ಮೀಟರ್ 60 ತೋರಿಸಿದ್ದು ಸುಳ್ಳಲ್ಲ. ಅದು ಕ್ಯಾಮೆರಾ ಸುಮ್ನೆ ಇದ್ದಾಗಿನ ವೋಲ್ಟೇಜ್ ನೋಡಿ ಹೇಳಿದ ಮಾತು.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ಮಲ್ಟಿಮೀಟರ್, 2 ಓಮ್ 5 ವಾಟ್‌ನ ಒಂದು ರೆಸಿಸ್ಟರ್ ತಗೊಳ್ಳಿ. ಕಾಡಿನಿಂದ ತಂದ ಆಲ್ಕಲೈನ್ ಸೆಲ್‌ನ ವೋಲ್ಟೇಜ್ ಮೊದಲು ಹಾಗೇ ಅಳೆಯಿರಿ, 1.3 ಅಥವಾ 1.4 ಬರಬಹುದು. ಈಗ ಮೀಟರಿನ ಎರಡು ಕಡ್ಡಿ ಸೆಲ್‌ಗೆ ಹಿಡಿದಿರುವಾಗಲೇ ರೆಸಿಸ್ಟರನ್ನೂ ಎರಡು ತುದಿಗೆ ಒತ್ತಿ, ಎರಡು ಮೂರು ಸೆಕೆಂಡು ಅಷ್ಟೇ. ಅಂಕಿ ಎಲ್ಲಿಗೆ ಇಳಿಯಿತು ಬರೆದುಕೊಳ್ಳಿ. ಆಮೇಲೆ ಅದೇ ಸೆಲ್ಲನ್ನು ಜಿಪ್ ಕವರಿಗೆ ಹಾಕಿ ಮೂರು ಗಂಟೆ ಫ್ರೀಜರಿನಲ್ಲಿ ಇಡಿ. ಅಲ್ಲಿ ಮೈನಸ್ 18 ಇರುತ್ತೆ, ನಿಮ್ಮ ಜನವರಿಯ ಒಂದು ಸಾಧಾರಣ ರಾತ್ರಿ. ಹೊರತೆಗೆದ ಕೂಡಲೇ ಮತ್ತೆ ಅಳೆಯಿರಿ. ರೆಸಿಸ್ಟರ್ ಒತ್ತಿದಾಗ 1 ವೋಲ್ಟಿಗಿಂತ ಕೆಳಗೆ ಹೋದ ಸೆಲ್ ಕ್ಯಾಮೆರಾಕ್ಕೆ ಆಗಲ್ಲ. ಬಿಸಾಡಬೇಡಿ, ಗೋಡೆ ಗಡಿಯಾರಕ್ಕೆ ಹಾಕಿ. ಇದೇ ಪರೀಕ್ಷೆಯನ್ನು ಒಂದು ಹೊಸ ಲಿಥಿಯಂ ಸೆಲ್‌ಗೂ ಮಾಡಿ. ವ್ಯತ್ಯಾಸ ಕಣ್ಣಾರೆ ನೋಡಿದ ಮೇಲೆ ಯಾವುದನ್ನು ಕೊಳ್ಳಬೇಕು ಅಂತ ನನ್ನನ್ನು ಕೇಳುವುದೇ ಬೇಡ.

ಲಿಥಿಯಂ ಅಂದಾಗ ಇಲ್ಲಿ ನಾನು ಹೇಳುತ್ತಿರುವುದು ಒಂದೇ ಸಲ ಬಳಸುವ 1.5 ವೋಲ್ಟಿನ ಲಿಥಿಯಂ–ಐರನ್ ಡೈಸಲ್ಫೈಡ್ ಸೆಲ್, ಎನರ್ಜೈಸರ್ ಅಲ್ಟಿಮೇಟ್ ಲಿಥಿಯಂ ಥರದ್ದು. ಅದರಲ್ಲಿ ನೀರೇ ಇಲ್ಲ. ಮೈನಸ್ 40 ಡಿಗ್ರಿ ಸೆಲ್ಸಿಯಸ್‌ವರೆಗೂ ಕೆಲಸ ಮಾಡುವಂತೆ ಮಾಡಿರುವಂಥದ್ದು. ಆಲ್ಕಲೈನ್ ಸೆಲ್ ಸುಮಾರು 23 ಗ್ರಾಂ, ಇದು 15. ಸಾಮಾನ್ಯವಾಗಿ ಸೋರಲ್ಲ. ಬೆಲೆ ಜಾಸ್ತಿ, ನಿಜ. ಆದರೆ ನವೆಂಬರಿನಲ್ಲಿ ವಾರಕ್ಕೊಂದು ಸೆಟ್ ಆಲ್ಕಲೈನ್ ಸುರಿಯುವ ಬದಲು ಒಂದು ಸೆಟ್ ಲಿಥಿಯಂನಲ್ಲಿ ಚಳಿಗಾಲವೇ ಕಳೆದರೆ ಯಾವುದು ಅಗ್ಗ, ನೀವೇ ಹೇಳಿ. ಒಂದು ಎಚ್ಚರಿಕೆ: ಇದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತೆ, ಆಮೇಲೆ ಒಮ್ಮೆಗೇ ಬೀಳುತ್ತೆ. ಮೀಟರ್ ತುಂಬಿದೆ ಅಂತಲೇ ತೋರಿಸುತ್ತಿರುತ್ತೆ. ಮೆನುವಿನಲ್ಲಿ ಬ್ಯಾಟರಿ ಜಾತಿ 'ಲಿಥಿಯಂ' ಅಂತ ಬದಲಾಯಿಸಿ. ಆಗಲೂ ಮೀಟರಿಗಿಂತ ಫೋಟೋ ಎಣಿಕೆಯನ್ನು ನಂಬುವುದು ಒಳ್ಳೆಯದು.

ರೀಚಾರ್ಜ್ ಸೆಲ್ ಮೊದಲ ದಿನವೇ 'ಲೋ' ಅಂದದ್ದಕ್ಕೂ ಕಾರಣ ಸರಳ. ನಿಕಲ್ ಮೆಟಲ್ ಹೈಡ್ರೈಡ್ (ಎನ್‌ಐಎಂಎಚ್) ಸೆಲ್ 1.2 ವೋಲ್ಟಿನದು, ಎಂಟಕ್ಕೆ 9.6. ಹನ್ನೆರಡನ್ನು ಎದುರು ನೋಡುವ ಕ್ಯಾಮೆರಾಕ್ಕೆ ಅದು ಅರ್ಧ ಖಾಲಿಯಾದ ಆಲ್ಕಲೈನ್ ಥರ ಕಾಣುತ್ತೆ. ಮೆನುವಿನಲ್ಲಿ 'ಎನ್‌ಐಎಂಎಚ್' ಆಯ್ಕೆ ಇದ್ದರೆ ಹಾಕಿ. ಇಲ್ಲದಿದ್ದರೂ ಕೆಲವು ಕ್ಯಾಮೆರಾ ಮೀಟರಿನಲ್ಲಿ 'ಲೋ' ಅನ್ನುತ್ತಲೇ ವಾರಗಟ್ಟಲೆ ಓಡುತ್ತವೆ, ಯಾಕೆಂದರೆ ಈ ಸೆಲ್‌ಗಳ ಒಳ ರೋಧ ಕಡಿಮೆ, ಭಾರ ಬಿದ್ದಾಗ ಕುಸಿಯಲ್ಲ. ಕೆಲವು ಮಾತ್ರ ಮೊಂಡು ಹಿಡಿಯುತ್ತವೆ. ಅಂಥವಕ್ಕೆ ಇವು ಬೇಡ. ಎನೆಲೂಪ್ ಥರದ, ಸುಮ್ನೆ ಇಟ್ಟರೆ ಚಾರ್ಜ್ ಇಳಿಯದ ಜಾತಿಯನ್ನೇ ಕೊಳ್ಳಿ. ಏಪ್ರಿಲ್‌ನಿಂದ ಅಕ್ಟೋಬರಿನವರೆಗೆ ಎಸ್‌ಡಿ ಕಾರ್ಡಿನ ಕ್ಯಾಮೆರಾಗಳಿಗೆ ನಾನು ಇವನ್ನೇ ಹೇಳುತ್ತೇನೆ. ಎಂಟು ಸೆಲ್‌ಗಳ ಮೇಲೂ ಮಾರ್ಕರಿನಿಂದ ಒಂದೇ ಗುರುತು ಬರೆದು ಒಂದೇ ಕುಟುಂಬದ ಹಾಗೆ ಇಡಿ, ಒಟ್ಟಿಗೇ ಹಾಕಿ, ಒಟ್ಟಿಗೇ ಚಾರ್ಜ್ ಮಾಡಿ. ಸರಣಿಯಲ್ಲಿ ಒಂದು ಸೆಲ್ ಮಾತ್ರ ಬೇಗ ಖಾಲಿಯಾದರೆ ಉಳಿದ ಏಳು ಅದರೊಳಗೆ ಕರೆಂಟು ನೂಕುತ್ತಲೇ ಇದ್ದು ಅದರ ವೋಲ್ಟೇಜನ್ನು ಉಲ್ಟಾ ಮಾಡುತ್ತವೆ. ಆಲ್ಕಲೈನ್ ಸೆಲ್ ಸೋರುವುದಕ್ಕೂ ಇದು ದೊಡ್ಡ ಕಾರಣ. ಹಳೆಯ ನಾಲ್ಕು, ಹೊಸ ನಾಲ್ಕು ಅಂತ ಬೆರೆಸುವುದನ್ನು ದಯವಿಟ್ಟು ಬಿಟ್ಟುಬಿಡಿ.

ಯುಎಸ್‌ಬಿಯಿಂದ ಚಾರ್ಜ್ ಮಾಡುವ 1.5 ವೋಲ್ಟಿನ ಲಿಥಿಯಂ ಅಯಾನ್ ಎಎ ಸೆಲ್ ಈಗ ಎಲ್ಲೆಡೆ ಸಿಗುತ್ತವೆ. ಅದರೊಳಗೆ ವೋಲ್ಟೇಜ್ ಇಳಿಸುವ ಒಂದು ಸಣ್ಣ ಸರ್ಕ್ಯೂಟ್ ಇದೆ, ಅದು ಕ್ಯಾಮೆರಾ ಮಲಗಿದ್ದಾಗಲೂ ಒಂದಿಷ್ಟು ತಿನ್ನುತ್ತಿರುತ್ತೆ. ಹಿಮದ ಕಾಡಿನಲ್ಲಿ ತಿಂಗಳುಗಟ್ಟಲೆ ಇಡುವುದಕ್ಕೆ ನಾನು ಇವನ್ನು ಒಪ್ಪುವುದಿಲ್ಲ.

ಸೆಲ್ಯುಲಾರ್ ಕ್ಯಾಮೆರಾದ ಕಥೆಯಲ್ಲಿ ದೊಡ್ಡ ಖರ್ಚು ಮೋಡೆಮ್‌ನದ್ದು. ಒಂದು ಫೋಟೋ ಕಳಿಸಲು ಮೋಡೆಮ್ ಎದ್ದು, ಟವರ್ ಹುಡುಕಿ, ನೆಟ್‌ವರ್ಕಿಗೆ ಸೇರಿ, ಕಳಿಸಿ, ಮತ್ತೆ ಮಲಗಬೇಕು. ಒಂದು ನಿಮಿಷ 0.3 ಆಂಪಿಯರ್ ಅಂದರೂ 5 ಎಂಎಎಚ್. ಬಂದ ಬಂದ ಹಾಗೆ ದಿನಕ್ಕೆ 40 ಫೋಟೋ ಕಳಿಸಿದರೆ 200. ಲಿಥಿಯಂ ಹಾಕಿದರೂ ಎರಡೇ ವಾರ! ಅದೇ 40 ಫೋಟೋವನ್ನು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಗುಂಪಾಗಿ ಕಳಿಸಿದರೆ ಮೋಡೆಮ್ ಏಳುವುದು ಎರಡೇ ಸಲ. ಆ್ಯಪ್‌ನಲ್ಲಿ ಇದನ್ನು ಇವತ್ತೇ ಬದಲಾಯಿಸಿ. ಚಿಕ್ಕ ಫೋಟೋ ಮಾತ್ರ ಕಳಿಸಲಿ, ಬೇಕಾದದ್ದನ್ನು ಆಮೇಲೆ ದೊಡ್ಡದಾಗಿ ತರಿಸಿಕೊಳ್ಳಬಹುದು. ಕರೆದಾಗ ತಕ್ಷಣ ಫೋಟೋ ಕೊಡುವ ಆಯ್ಕೆ ಇದ್ದರೆ ಆಫ್ ಮಾಡಿ, ಅದಕ್ಕಾಗಿ ಮೋಡೆಮ್ ಸದಾ ಕಿವಿ ತೆರೆದಿರಬೇಕಾಗುತ್ತೆ.

ಸಿಗ್ನಲ್ ಒಂದೇ ಕಡ್ಡಿ ಇರುವ ಜಾಗದಲ್ಲಿ ಇದೇ ಕೆಲಸಕ್ಕೆ ಎರಡು ಮೂರು ಪಟ್ಟು ಹೊತ್ತು, ಜೊತೆಗೆ ಮೋಡೆಮ್ ಜೋರಾಗಿ ಕೂಗಬೇಕು. ತಗ್ಗಿನ ಹಳ್ಳದಲ್ಲಿ ಕಟ್ಟಿದ್ದರೆ ದಿಬ್ಬದ ಕಡೆಗೆ ತನ್ನಿ. ಕೆಲವೊಮ್ಮೆ ಹತ್ತು ಹೆಜ್ಜೆ ಸರಿಸಿದರೇ ಕಡ್ಡಿ ಏರುತ್ತೆ.

ಸೋಲಾರ್ ಬಗ್ಗೆ ಕೇಳಿದ್ದಿರಿ. ವಾಸಾ ಹೆಚ್ಚುಕಡಿಮೆ 45 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರಿನ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 21–22 ಡಿಗ್ರಿ ಮೇಲಕ್ಕೆ ಏರಲ್ಲ, ಹಗಲು 9 ಗಂಟೆಗೂ ಕಡಿಮೆ. ಅಷ್ಟು ತಗ್ಗಿನ ಬಿಸಿಲನ್ನು ಪೈನ್ ಮರದ ಒಂದು ಸಾಲೇ ಮರೆ ಮಾಡಿಬಿಡುತ್ತೆ. ಪ್ಯಾನೆಲ್ ಮೇಲೆ ಹಿಮ ಕೂತರೆ ಅಲ್ಲಿಗೆ ಮುಗಿಯಿತು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಪ್ಯಾನೆಲ್ ಜೊತೆ ಬರುವ ಲಿಥಿಯಂ ಅಯಾನ್ ಅಥವಾ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಹಾಳಾಗುತ್ತೆ. ಒಳ್ಳೆಯ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಚಾರ್ಜಿಂಗನ್ನೇ ತಡೆಯುತ್ತೆ. ಬಿಸಿಲಿದ್ದರೂ ಒಳಗೆ ಏನೂ ಹೋಗಲ್ಲ.

ಆದ್ದರಿಂದ ಸೋಲಾರ್ ಬೇಡ ಅಂತಲ್ಲ, ಸೆಲ್ಯುಲಾರ್ ಕ್ಯಾಮೆರಾಕ್ಕೆ ಮಾರ್ಚ್ ಕೊನೆಯಿಂದ ಅಕ್ಟೋಬರಿನವರೆಗೆ ಅದು ನಿಜಕ್ಕೂ ಉಪಯೋಗ. ವೈರ್ ಇರುವ, ಬೇರೆಯೇ ಕಟ್ಟಬಹುದಾದ ಪ್ಯಾನೆಲ್ ತಗೊಳ್ಳಿ. ಕ್ಯಾಮೆರಾ ನೆರಳಿನಲ್ಲಿ ಉತ್ತರಕ್ಕೆ ನೋಡಲಿ, ಪ್ಯಾನೆಲ್ ಮರದ ಇನ್ನೊಂದು ಮಗ್ಗುಲಲ್ಲಿ ದಕ್ಷಿಣಕ್ಕೆ, ಹಿಮ ಜಾರುವಷ್ಟು ಕಡಿದಾಗಿ ನಿಲ್ಲಲಿ. ಚಳಿಗಾಲಕ್ಕೆ ಒಳಗೆ ಲಿಥಿಯಂ ಎಎ ಇರಲಿ. ದೊಡ್ಡ ಬ್ಯಾಟರಿಯನ್ನು ಹೊರಗಿನಿಂದ ಜೋಡಿಸುವ ತೂತು ಇದ್ದರೆ 12 ವೋಲ್ಟಿನ ಸೀಲ್ ಮಾಡಿದ ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಗಟ್ಟಿ ಡಬ್ಬದಲ್ಲಿ ಹಾಕಿ ಬುಡದಲ್ಲಿ ಇಡಬಹುದು. ಮೈನಸ್ 18ರ ಆಸುಪಾಸಿನಲ್ಲಿ ಅದರ ಶಕ್ತಿ ಸುಮಾರು ಅರ್ಧಕ್ಕೆ ಬರುತ್ತೆ. ಪೂರ್ತಿ ಇಳಿದ ಲೆಡ್ ಆ್ಯಸಿಡ್ ಬ್ಯಾಟರಿ ಚಳಿಗೆ ಹೆಪ್ಪುಗಟ್ಟಿ ಒಡೆಯಲೂಬಹುದು, ಖಾಲಿಯಾಗಲು ಬಿಡಬೇಡಿ. ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾ ಕೇಳುವುದು 6 ವೋಲ್ಟೋ 12 ವೋಲ್ಟೋ, ಪ್ಲಗ್ಗಿನ ನಡುವಿನ ಕಡ್ಡಿ ಪಾಸಿಟಿವ್ವೋ ಅಂತ ಕೈಪಿಡಿಯಲ್ಲಿ ಓದಿ. ಅಳಿಲು, ಮುಳ್ಳುಹಂದಿ ವೈರ್ ಕಡಿಯುತ್ತವೆ, ವೈರನ್ನು ಪೈಪಿನೊಳಗೆ ಹಾಯಿಸಿ.

ಬ್ಯಾಟರಿ ಉಳಿಸುವುದು ದುಡ್ಡಿಗಾಗಿ ಮಾತ್ರ ಅಲ್ಲ. ಸೆಲ್ ಬದಲಿಸಲು ನೀವು ಹೋದಾಗಲೆಲ್ಲ ಆ ಜಾಡಿನಲ್ಲಿ ನಿಮ್ಮ ವಾಸನೆ ಉಳಿಯುತ್ತೆ. ವಯಸ್ಸಾದ ಗಂಡುಜಿಂಕೆ ಅಂಥ ಕಡೆ ಹಗಲು ಬರುವುದನ್ನೇ ಬಿಡುತ್ತೆ. ಕ್ಯಾಮೆರಾ ಕಟ್ಟಿದ ಉದ್ದೇಶವೇ ಹಾಳು. ವಿಸ್ಕಾನ್ಸಿನ್‌ನಲ್ಲಿ ಒಂಬತ್ತು ದಿನದ ಬಂದೂಕು ಸೀಸನ್ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರು ಆಗುತ್ತೆ. ಅಕ್ಟೋಬರ್ ಕೊನೆಯಲ್ಲಿ, ಒಂದು ಮಧ್ಯಾಹ್ನ, ಮೂರು ಕ್ಯಾಮೆರಾಗಳಿಗೂ ಹೊಸ ಲಿಥಿಯಂ ಹಾಕಿ, ಕಾರ್ಡ್ ಖಾಲಿ ಮಾಡಿ, ಹುಲ್ಲು ಕತ್ತರಿಸಿ ಬನ್ನಿ. ಆಮೇಲೆ ಸೀಸನ್ ಮುಗಿಯುವವರೆಗೆ ಆ ಕಡೆ ಸುಳಿಯಬೇಡಿ. ಬಂದೂಕು ಸೀಸನ್ನಿನ ನಡುವೆ ಹೋಗಲೇಬೇಕಾಗಿ ಬಂದರೆ, ಬರೀ ಸೆಲ್ ಬದಲಿಸಲು ಹೋಗುವಾಗಲೂ, ಕಣ್ಣು ಕುಕ್ಕುವ ಕಿತ್ತಳೆ ಬಟ್ಟೆ ಹಾಕದೆ ಕಾಡಿಗೆ ಕಾಲಿಡಬೇಡಿ. ನಿಮ್ಮದು ಖಾಸಗಿ ಜಮೀನು, ಚಿಂತೆಯಿಲ್ಲ. ಸರ್ಕಾರಿ ಜಮೀನಿಗೆ ಒಯ್ಯುವ ಮುಂಚೆ ಮಾತ್ರ ಆಯಾ ರಾಜ್ಯದ ನಿಯಮ ನೋಡಿ. ಅರಿಜೋನಾ 2022ರ ಜನವರಿಯಿಂದ ಬೇಟೆಗಾಗಿ ಟ್ರೇಲ್ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿದೆ.

ಸೀಸನ್ ಮುಗಿದ ಮೇಲೆ ಸೆಲ್ ತೆಗೆದೇ ಕ್ಯಾಮೆರಾ ಎತ್ತಿಡಿ. ಆಲ್ಕಲೈನ್ ಸೋರಿ ಬಿಳಿ ಪುಡಿ ಕೂತಿದ್ದರೆ ಹತ್ತಿಕಡ್ಡಿಯನ್ನು ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಅದ್ದಿ ಒರೆಸಿ, ಒಣಗಿಸಿ, ಸ್ಪ್ರಿಂಗನ್ನು ಸಣ್ಣ ಮರಳು ಕಾಗದದಿಂದ ಉಜ್ಜಿ. ಕೈಗೆ ಗ್ಲೌಸ್ ಇರಲಿ, ಆ ಪುಡಿ ಚರ್ಮ ಸುಡುತ್ತೆ.

ಇನ್ನು ತೀರ್ಥಹಳ್ಳಿ. ಒಯ್ಯಬಹುದು, ಆದರೆ ಎಸ್‌ಡಿ ಕಾರ್ಡಿನದನ್ನೇ ಒಯ್ಯಿರಿ. ಸೆಲ್ಯುಲಾರ್ ಕ್ಯಾಮೆರಾ ಅಮೆರಿಕದ ಕಂಪನಿಯ ಪ್ಲಾನಿಗೆ ಕಟ್ಟಿಹಾಕಿದ್ದು, ಊರಿನಲ್ಲಿ ಫೋಟೋ ಕಳಿಸಲ್ಲ. ಅಲ್ಲಿ ಬೇಟೆಯ ಮಾತೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಅದನ್ನು ನಿಷೇಧಿಸಿದೆ. ಸ್ವಂತ ತೋಟದೊಳಗೆ ಅಡಿಕೆ ಸಸಿ ಕಡಿದದ್ದು ಮುಳ್ಳುಹಂದಿಯೋ, ಕಾಡುಹಂದಿಯೋ ಅಂತ ನೋಡುವುದಕ್ಕೆ ಕ್ಯಾಮೆರಾ ಒಳ್ಳೆಯದೇ. ಬೇಲಿ ದಾಟಿ ಕಾಡಿನ ಮರಕ್ಕೆ ಕಟ್ಟುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಾಗರಹೊಳೆಯಲ್ಲಿ 1990ರ ದಶಕದ ಮೊದಲಿಗೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳನ್ನು ಪಟ್ಟೆಯ ಮೇಲೆ ಗುರುತಿಸಿ ಎಣಿಸಿದ್ದು ಇಂಥದೇ ಕ್ಯಾಮೆರಾ ಟ್ರ್ಯಾಪ್‌ಗಳಿಂದ.

ಮಲೆನಾಡಿನಲ್ಲಿ ಚಳಿಯ ಕಾಟ ಇಲ್ಲ, ಆದ್ದರಿಂದ ದುಬಾರಿ ಲಿಥಿಯಂ ಬೇಕಾಗಿಲ್ಲ, ಎನ್‌ಐಎಂಎಚ್ ಸಾಕು. ಅಲ್ಲಿನ ತೊಂದರೆ ತೇವ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸೆಲ್‌ನ ತುದಿಗಳಿಗೆ ಕಿಲುಬು ಹತ್ತುತ್ತೆ, ಕಿಲುಬು ಇದ್ದಲ್ಲಿ ವೋಲ್ಟೇಜ್ ಕುಸಿಯುತ್ತೆ. ಮಳೆಗಾಲದಲ್ಲಿ ಗಿಡ ಬೆಳೆಯುವ ವೇಗವೂ ಬೇರೆ, ಹದಿನೈದು ದಿನಕ್ಕೊಮ್ಮೆ ಎದುರಿನ ಕಳೆ ಸವರದಿದ್ದರೆ ಕಾರ್ಡಿನ ತುಂಬ ಮತ್ತೆ ಅದೇ ಹುಲ್ಲು. ಬೇಸಗೆಯಲ್ಲಿ ಬಿಸಿಲು 35 ಡಿಗ್ರಿ ದಾಟಿದಾಗ ಪ್ರಾಣಿಯ ಮೈಶಾಖಕ್ಕೂ ಹಿನ್ನೆಲೆಗೂ ವ್ಯತ್ಯಾಸ ಉಳಿಯಲ್ಲ, ಆಗ ಸೆನ್ಸರ್‌ನ ಚುರುಕನ್ನು 'ಹೈ'ಗೆ ಏರಿಸಿ. ಡಬ್ಬದೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ರಬ್ಬರ್ ಅಂಚಿನಲ್ಲಿ ಇರುವೆ ಗೂಡು ಕಟ್ಟಿದೆಯಾ ಅಂತ ಪ್ರತಿ ಸಲ ನೋಡಲು ಮನೆಯವರಿಗೆ ಹೇಳಿ ಬನ್ನಿ. ವಿಮಾನದಲ್ಲಿ ಬಿಡಿ ಲಿಥಿಯಂ ಸೆಲ್ ಒಯ್ಯುವುದಾದರೆ ಕೈಚೀಲದಲ್ಲೇ, ತುದಿಗಳು ಒಂದಕ್ಕೊಂದು ತಾಗದ ಹಾಗೆ ಪ್ಯಾಕ್ ಮಾಡಿ. ಲಗೇಜಿಗೆ ಹಾಕುವ ಸೂಟ್‌ಕೇಸಿನಲ್ಲಿ ಅವನ್ನು ಬಿಡುವುದಿಲ್ಲ.